ಲಾಜಿಸ್ಟಿಕ್ಸ್ ಡಿಗ್ರಿ ಆಯ್ತು, ಈಗ ಯಾವ ಗೇಟಿಗೆ ಹೋಗಬೇಕು?

ಸಪ್ಲೈ ಚೈನ್, ಅಂದರೆ ಮಾಲು ಬೆಳೆದಲ್ಲಿಂದ ಅಂಗಡಿ ಸೇರುವವರೆಗಿನ ಸರಪಳಿ, ಹೇಗಿರುತ್ತದೆ ಎಂದು ನೋಡಲು ಕಲಬುರಗಿಯವರು ದೂರ ಹೋಗಬೇಕಿಲ್ಲ. ರಾಶಿ ಮುಗಿದು ಎಪಿಎಂಸಿಗೆ ಬರುವ ತೊಗರಿ ದಾಲ್ ಮಿಲ್ಲಿಗೆ ಹೋಗುತ್ತದೆ. ಅಲ್ಲಿಂದ ಬೇಳೆಯಾಗಿ ಊರೂರಿನ ಅಂಗಡಿ ಸೇರುತ್ತದೆ. ಇತ್ತ ವಾಡಿ, ಮಳಖೇಡದ ಸಿಮೆಂಟ್ ಲಾರಿಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಯಾದಗಿರಿಯ ಕಡೇಚೂರಿನಲ್ಲಿ ಔಷಧಿ, ರಾಸಾಯನಿಕ ಘಟಕಗಳಿವೆ. ಕೆಲಸ ಇರುವುದು ಇಂಥ ಕಡೆಯೇ.

ಮೊದಲ ಹೆಜ್ಜೆ: ಫೀಸು ಕಟ್ಟುವ ಮುಂಚೆ

ಇನ್ನೂ ಡಿಗ್ರಿಗೆ ಸೇರದವರು ಒಂದು ದಿನ ಯಾವುದಾದರೂ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಸುಮ್ನೆ ಕೂತು ಬನ್ನಿ. ಫೋನು, ಧೂಳು, ಹಮಾಲರ ಗದ್ದಲ ಹಿಡಿಸಿದರೆ ಮುಂದುವರಿಯಿರಿ. ಬಿಬಿಎ, ಎಂಬಿಎ ಎರಡರಲ್ಲೂ ಲಾಜಿಸ್ಟಿಕ್ಸ್, ಅಂದರೆ ಮಾಲು ಸಾಗಿಸುವ, ಕೂಡಿಡುವ ವಿಷಯ ಸಿಗುತ್ತದೆ. ಸಾರಿಗೆ ಮತ್ತು ಲಾಜಿಸ್ಟಿಕ್ಸ್‌ಗೆಂದೇ ವಡೋದರದಲ್ಲಿ ಗತಿಶಕ್ತಿ ವಿಶ್ವವಿದ್ಯಾಲಯವಿದೆ, 2022ರಲ್ಲಿ ಕೇಂದ್ರೀಯ ವಿವಿ ಆಯಿತು. ದೂರಶಿಕ್ಷಣವಾದರೆ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ.

ಎರಡನೆಯದು: ಒಂದು ಲಾರಿಯ ಕಾಗದ ಓದಲು ಕಲಿಯಿರಿ

ನನ್ನ ಕೇಳಿದರೆ ಅರ್ಧ ಡಿಗ್ರಿ ಇಲ್ಲೇ ಇದೆ. 50 ಕೆಜಿಯ 500 ಚೀಲ ಸಿಮೆಂಟ್ ಅಂದರೆ 25 ಟನ್. ಕಾಂಟಾದಲ್ಲಿ (ಲಾರಿ ತೂಗುವ ತೂಕದ ಸೇತುವೆ) ತುಂಬಿದ ಲಾರಿಯ ತೂಕದಿಂದ ಖಾಲಿ ತೂಕ ಕಳೆದರೆ ಅಷ್ಟೇ ಬರಬೇಕು. ಜೊತೆಗೆ ಇನ್‌ವಾಯ್ಸ್, ಬಿಲ್ಟಿ (ಟ್ರಾನ್ಸ್‌ಪೋರ್ಟಿನವರು ಮಾಲಿಗೆ ಕೊಡುವ ರಸೀದಿ). ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ತೆಗೆಯುವ ಕಾಗದ, ಬೇಕು. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಅದಕ್ಕಿಂತ ಒಂದು ಕಿಲೋಮೀಟರ್ ಜಾಸ್ತಿಯಾದರೂ ಇನ್ನೊಂದು ದಿನ ಸೇರುತ್ತದೆ.

ಒಮ್ಮೆ ರಾತ್ರಿ ಒಂಬತ್ತಕ್ಕೆ ಒಂದು ಡಿಸ್ಪ್ಯಾಚ್ (ಮಾಲು ಹೊರಗೆ ಕಳಿಸುವ) ಕಿಟಕಿಯ ಮುಂದೆ ನಿಂತಿದ್ದೆ. ಹೊಸದಾಗಿ ಸೇರಿದ ಹುಡುಗ ಇ-ವೇ ಬಿಲ್ಲಿನ ಲಾರಿ ನಂಬರಿನಲ್ಲಿ 8ರ ಜಾಗಕ್ಕೆ 3 ಒತ್ತಿದ್ದ. ಡ್ರೈವರ್ ಕಾಗದ ತಿರುಗಿಸಿ, "ಸರ, ಇದು ನನ್ನ ಗಾಡಿ ನಂಬರ್ ಅಲ್ರೀ. ದಾರ್‍ಯಾಗ ಹಿಡದ್ರ ಯಾರ್ ಬರ್ತಾರ?" ಅಂದ. ಒಂದೆರಡು ಅಂಕಿ ತಪ್ಪಾದರೆ ಕೇಂದ್ರ, ರಾಜ್ಯ ಜಿಎಸ್‌ಟಿ ಸೇರಿ 1,000 ರೂಪಾಯಿ ದಂಡ ಅಂತ 2018ರ ಸುತ್ತೋಲೆ ಹೇಳುತ್ತದೆ. ಸಣ್ಣ ಮೊತ್ತ, ನಿಜ. ಆದರೆ ಲಾರಿ ನಿಂತ ಹೊತ್ತಿನ ಲೆಕ್ಕ ಯಾರು ಕೊಡುತ್ತಾರೆ? ಹುಡುಗ ಕೂಡಲೇ ಸರಿಮಾಡಿದ, ಲಾರಿ ಹೊರಟಿತು.

ಇನ್ನೊಂದು ಸ್ವಾರಸ್ಯ. 50 ಕೆಜಿ ಚೀಲದಲ್ಲಿ ಹೋಗುವ ತೊಗರಿಬೇಳೆಗೆ ಜಿಎಸ್‌ಟಿ ಇಲ್ಲ, ಇ-ವೇ ಬಿಲ್ಲೂ ಬೇಡ. ಅದೇ ಬೇಳೆ ಲೇಬಲ್ ಹಚ್ಚಿದ ಒಂದು ಕೆಜಿ ಪ್ಯಾಕೆಟ್ಟಾದರೆ ತೆರಿಗೆ ಬೀಳುತ್ತದೆ. ಸಂದರ್ಶನದಲ್ಲಿ ಇದನ್ನು ಹೇಳಿದರೆ ಮಿಲ್ ಮಾಲೀಕರು ತಲೆ ಎತ್ತಿ ನೋಡುತ್ತಾರೆ.

ಇದರ ಜೊತೆ ಎಕ್ಸೆಲ್ ಬೇಕೇ ಬೇಕು.

ಮೂರನೆಯದು: ಹುದ್ದೆಯ ಹೆಸರು ನೋಡಿ ಹುಡುಕಬೇಡಿ

'ಸಪ್ಲೈ ಚೈನ್ ಮ್ಯಾನೇಜರ್' ಎಂದು ಹುಡುಕುತ್ತಾ ಕೂತರೆ ವರ್ಷ ಕಳೆದುಹೋಗುತ್ತದೆ. ಡಿಸ್ಪ್ಯಾಚ್, ಸ್ಟೋರ್ಸ್, ಗೋದಾಮು ಸೂಪರ್‌ವೈಸರ್, ಟ್ರಾನ್ಸ್‌ಪೋರ್ಟ್ ಕೋಆರ್ಡಿನೇಟರ್, ಪರ್ಚೇಸ್ ಎಂದು ಕೇಳಿ. ಔಷಧಿ ಕಂಪನಿಯ ಸ್ಟೋರ್ಸ್‌ಗೆ ಹೋಗುವವರು ಒಂದು ಮಾತು ನೆನಪಿಡಿ: ಅಲ್ಲಿ ಮೊದಲು ಬಂದ ಮಾಲಲ್ಲ, ಮೊದಲು ಅವಧಿ ಮುಗಿಯುವ ಮಾಲು ಮೊದಲು ಹೊರಗೆ ಹೋಗಬೇಕು. ಅನುಭವ ಇಲ್ಲದವರು ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆಯ 'ನ್ಯಾಟ್ಸ್' ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಅಪ್ರೆಂಟಿಸ್ ಆಗಿ ಸೇರಬಹುದು. ಸ್ಟೈಪೆಂಡ್ ಸಿಗುತ್ತದೆ.

ಹೈದರಾಬಾದ್‌ಗೆ ಹೋಗಬೇಕಾ? ಹೋಗಿ, ಅಲ್ಲಿ ಗೋದಾಮುಗಳು ಜಾಸ್ತಿ. ಆದರೆ ರೂಮಿನ ಬಾಡಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ಮೊದಲ ಎರಡು ವರ್ಷ ಇಲ್ಲೇ ಗೇಟಿನಲ್ಲಿ ಕಲಿತು ಹೋದವರಿಗೆ ಬೇಗ ಬಡ್ತಿ ಸಿಗುತ್ತದೆ ಅನ್ನುವುದು ನನ್ನ ಅನಿಸಿಕೆ.

ಕೊನೆಗೆ: ಆಫರ್ ಲೆಟರ್ ಕೈಗೆ ಬಂದಾಗ

ಕೆಲಸ ಕಂಪನಿಯ ರೋಲ್‌ನಲ್ಲೋ, ಗುತ್ತಿಗೆಯಲ್ಲೋ ಕೇಳಿ. ಪಿಎಫ್ ಇದೆಯಾ, ರಾತ್ರಿ ಪಾಳಿ ವಾರಕ್ಕೆ ಎಷ್ಟು, ಪಾಳಿ ಮುಗಿದ ಮೇಲೆ ಮನೆಗೆ ಹೋಗಲು ಗಾಡಿ ಇದೆಯಾ ಎನ್ನುವುದನ್ನೂ ಕೇಳಿ. ಹೆಣ್ಣುಮಕ್ಕಳು ಈ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕು.

ದಾಲ್ ಮಿಲ್ಲಿಗೆ ಅರ್ಜಿ ಕೊಡುವವರು ನವೆಂಬರ್‌ನಲ್ಲೇ ಕೊಡಿ. ಜನವರಿಯಲ್ಲಿ ಹೋದರೆ ಅಂಗಳದ ತುಂಬ ತೊಗರಿ ಚೀಲ ಇರುತ್ತವೆ, ನಿಮ್ಮ ಬಯೋಡೇಟಾ ನೋಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ.