ಹಂದಿ ಖೀಮಾ, ಆಲೂಗಡ್ಡೆ, ಕಾಚಂಪುಳಿ: ಅರ್ಧ ಕಿಲೋ ಮಾಂಸದಲ್ಲಿ ಆರು ಜನರ ಓವನ್ ಊಟ

ಕೊಡಗಿನ ಅಡುಗೆಮನೆಯಲ್ಲಿ ಹಂದಿ ಮಾಂಸ ಅಂದಮೇಲೆ ಕಾಚಂಪುಳಿ, ಅಂದರೆ ಹಣ್ಣಿನ ರಸ ಕುದಿಸಿ ಇಂಗಿಸಿದ ಕಪ್ಪು ಹುಳಿ, ಇರಲೇಬೇಕು. ಆದರೆ ಖೀಮಾ, ಆಲೂಗಡ್ಡೆ ಎರಡನ್ನೂ ಪದರ ಪದರವಾಗಿ ಹಾಕಿ ಓವನ್‌ನಲ್ಲಿ ಬೇಯಿಸುವ ಈ ಅಡುಗೆ ಹೆಚ್ಚಾಗಿ ಕೆಡುವುದೂ ಅದೇ ಕಾಚಂಪುಳಿಯಿಂದ. ಹುಳಿ ಸೋಕಿದ ಹಸಿ ಆಲೂಗಡ್ಡೆ ಮೆತ್ತಗಾಗುವುದಿಲ್ಲ. ಅದರ ಕಣಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭವಾಗಿ ಕರಗುವುದಿಲ್ಲ. ಮೇಲೆ ಕೆಂಪಗೆ ಹುರಿದಂತೆ ಕಂಡರೂ ಒಳಗಿನ ಬಿಲ್ಲೆ ಗಟ್ಟಿಯಾಗಿಯೇ ಉಳಿಯುತ್ತದೆ, ಇನ್ನೂ ಅರ್ಧ ಗಂಟೆ ಇಟ್ಟರೆ ಖೀಮಾ ಒಣಗುತ್ತದೆಯೇ ಹೊರತು ಆಲೂಗಡ್ಡೆ ಬೇಯುವುದಿಲ್ಲ. ಅದಕ್ಕೇ ನಾನು ಆಲೂಗಡ್ಡೆಯನ್ನು ಉಪ್ಪುನೀರಿನಲ್ಲಿ ಮೊದಲು ಮುಕ್ಕಾಲು ಬೇಯಿಸಿಕೊಳ್ಳುತ್ತೇನೆ, ಕಾಚಂಪುಳಿಯನ್ನು ಖೀಮಾ ಪೂರ್ತಿ ಬೆಂದು ಒಲೆಯಿಂದ ಇಳಿಸಿದ ಮೇಲೆ ಬೆರೆಸುತ್ತೇನೆ. ಉಳಿದದ್ದೆಲ್ಲ ಕೈಗೆ ಬರುವ ಕೆಲಸ. ಈ ಕ್ರಮವನ್ನು ಮಾತ್ರ ಬದಲಿಸುವ ಹಾಗಿಲ್ಲ.

ಆರು ಜನಕ್ಕೆ ನಾನು ಹಾಕುವ ಲೆಕ್ಕ ಇದು. ಹಂದಿ ಖೀಮಾ 500 ಗ್ರಾಂ, ಆಲೂಗಡ್ಡೆ 1 ಕಿಲೋ, ಈರುಳ್ಳಿ 250 ಗ್ರಾಂ, ಬೆಳ್ಳುಳ್ಳಿ ಹನ್ನೆರಡು ಎಸಳು, ಒಂದಿಂಚು ಶುಂಠಿ, ಗಾಂಧಾರಿ ಮೆಣಸು (ಪುಟ್ಟ ಖಾರದ ಸೂಜಿಮೆಣಸು) ಆರೇಳು, ಅರಿಶಿನ ಅರ್ಧ ಟೀ ಚಮಚ, ಹುರಿದು ಪುಡಿ ಮಾಡಿದ ಮಸಾಲೆ ಒಂದೂವರೆ ದೊಡ್ಡ ಚಮಚ, ಅಕ್ಕಿ ತರಿ ಮೂರು ದೊಡ್ಡ ಚಮಚ, ಕಾಚಂಪುಳಿ ಒಂದೂವರೆ ಟೀ ಚಮಚ. ಎಣ್ಣೆ ಒಂದು ಟೀ ಚಮಚ ಸಾಕು, ಮಾಂಸದ್ದೇ ಕೊಬ್ಬು ಇರುತ್ತದಲ್ಲ. ಎರಡು ಲೀಟರ್ ಹಿಡಿಯುವ, ಎರಡೂವರೆ ಇಂಚು ಆಳದ ಗಾಜಿನ ಅಥವಾ ಪಿಂಗಾಣಿ ಟ್ರೇ ಬೇಕು. ಸ್ಟೀಲ್ ಪಾತ್ರೆಯೂ ಆಗುತ್ತದೆ. ಕೇಕ್ ಮಾಡುವ ಬರಿಯ ಅಲ್ಯುಮಿನಿಯಂ ಟಿನ್ ಬೇಡ, ಕಾಚಂಪುಳಿ ಅದರ ಜೊತೆ ಸೇರಿ ಲೋಹದ ರುಚಿ ಬಿಡುತ್ತದೆ.

ಖರ್ಚು ಉಳಿಯುವುದು ಮಾಂಸ ಕೊಳ್ಳುವಲ್ಲಿ. ಖೀಮಾಕ್ಕೆ ಒಳ್ಳೆಯ ತುಂಡು ಕೇಳಬೇಕಾಗಿಲ್ಲ. ಭುಜದ ಮಾಂಸ, ತುಂಡು ಮಾಡುವಾಗ ಉಳಿಯುವ ಅಂಚಿನ ಚೂರುಗಳು, ಹೊಟ್ಟೆ ಭಾಗದ ಒಂದಿಷ್ಟು ಕೊಬ್ಬು ಸೇರಿಸಿ ತೆಗೆದುಕೊಂಡರೆ ಸಾಕು. ತೂಕದ ಕಾಲು ಭಾಗ ಕೊಬ್ಬಿರಲಿ. ಅದಕ್ಕಿಂತ ಕಡಿಮೆಯಾದರೆ ಖೀಮಾ ಮರಳು ಮರಳಾಗುತ್ತದೆ, ಹೆಚ್ಚಾದರೆ ಟ್ರೇಯ ತಳದಲ್ಲಿ ಎಣ್ಣೆ ನಿಲ್ಲುತ್ತದೆ. ಚರ್ಮ ಬೇಡ. ಕೊಡಗಿನ ಹಂದಿ ಸಾರಾದ ಪಂದಿ ಕರಿಯಲ್ಲಿ ಚರ್ಮ ರುಚಿ ಕೊಡುತ್ತದೆ, ಇಲ್ಲಿ ಬೇಯದೆ ರಬ್ಬರಿನಂತೆ ಹಲ್ಲಿಗೆ ಸಿಗುತ್ತದೆ. ಅಂಗಡಿಯಲ್ಲಿ ಮೆಷಿನ್ ಇಲ್ಲದಿದ್ದರೆ ಮಾಂಸವನ್ನು ಒಂದಿಂಚಿನ ತುಂಡು ಮಾಡಿ ಫ್ರೀಜರ್‌ನಲ್ಲಿ 40 ನಿಮಿಷ ಇಡಿ. ಹೊರಗೆ ಬಿಗಿದು ಒಳಗೆ ಇನ್ನೂ ಮೆತ್ತಗಿರುವಾಗ ಮಿಕ್ಸಿಯ ದೊಡ್ಡ ಜಾರಿನಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮ ತಿರುಗಿಸಿದರೆ ಕೊಬ್ಬು ಬಿಸಿಯಾಗಿ ಕರಗಿ ಮಾಂಸ ಅಂಟಂಟಾಗುತ್ತದೆ, ಬಾಣಲೆಯಲ್ಲಿ ಉದುರುವುದೇ ಇಲ್ಲ. ಚೂರಿಯಲ್ಲಿ ಕೊಚ್ಚುವ ತಾಳ್ಮೆ ಇದ್ದವರಿಗೆ ಅದಕ್ಕಿಂತ ಒಳ್ಳೆಯ ಖೀಮಾ ಬೇರೆ ಇಲ್ಲ.

ಅಕ್ಕಿ ತರಿ ಹಾಕುವುದಕ್ಕೆ ಎರಡು ಕಾರಣ. ಕೊಡಗಿನಲ್ಲಿ ಆವಿಯಲ್ಲಿ ಬೇಯಿಸುವ ಅಕ್ಕಿ ತಿಂಡಿಗಳಾದ ಕಡಂಬುಟ್ಟು, ಪಾಪುಟ್ಟು ಮಾಡುವ ಅದೇ ತರಿ. ಬಾಣಲೆಯಲ್ಲಿ ಎಣ್ಣೆ ಇಲ್ಲದೆ ತಿಳಿಗೆಂಪಾಗುವವರೆಗೆ ಹುರಿದು ಖೀಮಾಕ್ಕೆ ಸೇರಿಸಿದರೆ ಮಾಂಸ ಬಿಡುವ ರಸವನ್ನೆಲ್ಲ ಅದು ಹೀರಿಕೊಳ್ಳುತ್ತದೆ, ಅರ್ಧ ಕಿಲೋ ಮಾಂಸ ಮುಕ್ಕಾಲು ಕಿಲೋದಷ್ಟು ತುಂಬಿಕೊಳ್ಳುತ್ತದೆ. ಬ್ರೆಡ್ ಪುಡಿ ಹಾಕುವವರೂ ಇದ್ದಾರೆ, ಆದರೆ ಅದು ಬೇಗ ಅಂಟಾಗುತ್ತದೆ. ತರಿ ಬೆಂದ ಮೇಲೂ ಕಾಳು ಕಾಳಾಗಿಯೇ ಇರುತ್ತದೆ, ತಿನ್ನುವಾಗ ಮಾಂಸದಿಂದ ಬೇರೆ ಎಂದು ಗೊತ್ತಾಗುವುದಿಲ್ಲ.

ಮಸಾಲೆಗೆ ಕೊತ್ತಂಬರಿ ಬೀಜ ಎರಡು ದೊಡ್ಡ ಚಮಚ, ಜೀರಿಗೆ, ಕರಿಮೆಣಸು ಒಂದೊಂದು ದೊಡ್ಡ ಚಮಚ, ಸಾಸಿವೆ ಒಂದು ಟೀ ಚಮಚ, ಮೆಂತೆ ಕಾಲು ಟೀ ಚಮಚ. ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಬೇಕು. ಕೊತ್ತಂಬರಿಯನ್ನು ಹುರಿದ ಕಾಫಿ ಬೀಜದ ಬಣ್ಣಕ್ಕೆ ತನ್ನಿ, ಮೆಂತೆಯನ್ನು ಮಾತ್ರ ಕೆಂಪಾಗುತ್ತಲೇ ಇಳಿಸಿ. ಎಲ್ಲವನ್ನೂ ಒಟ್ಟಿಗೆ ಹುರಿದರೆ ಕೊತ್ತಂಬರಿ ಕಪ್ಪಾಗುವಷ್ಟರಲ್ಲಿ ಮೆಂತೆ ಸುಟ್ಟು ಇಡೀ ಪುಡಿ ಕಹಿಯಾಗುತ್ತದೆ. ಈ ಅಳತೆಯಲ್ಲಿ ಪುಡಿ ಮಿಗುತ್ತದೆ, ಗಾಳಿ ಆಡದ ಬಾಟಲಿಯಲ್ಲಿಟ್ಟರೆ ಮುಂದಿನ ಸಲಕ್ಕಾಯಿತು.

ಈಗ ಖೀಮಾ. ಅಗಲವಾದ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆ ಸವರಿ, ಅರ್ಧ ಮಾಂಸವನ್ನು ಮಾತ್ರ ಹರಡಬೇಕು. ಎರಡು ನಿಮಿಷ ಕೈ ಹಾಕಬಾರದು. ಇಲ್ಲಿ ಎಲ್ಲರಿಗೂ ಆತುರ. ಅರ್ಧ ಕಿಲೋವನ್ನೂ ಒಮ್ಮೆಗೇ ಸುರಿದರೆ ಬಾಣಲೆ ತಣ್ಣಗಾಗಿ ಮಾಂಸ ನೀರು ಬಿಡುತ್ತದೆ, ಆ ನೀರಿನಲ್ಲಿ ಬೂದು ಬಣ್ಣಕ್ಕೆ ಬೇಯುತ್ತದೆ, ಹುರಿದ ಘಮ ಬರುವುದೇ ಇಲ್ಲ. ಫ್ರೀಜರ್‌ನಿಂದ ತೆಗೆದ ಖೀಮಾ ಪೂರ್ತಿ ಕರಗದಿದ್ದರೂ, ಮೊದಲೇ ಉಪ್ಪು ಬೆರೆಸಿಟ್ಟಿದ್ದರೂ ಇದೇ ಕಥೆ. ತಳ ಕಂದು ಬಣ್ಣಕ್ಕೆ ಬಂದ ಮೇಲೆ ಮಗುಚಿ, ಚಪ್ಪಟೆ ಮರದ ಸೌಟಿನಿಂದ ಗಂಟು ಒಡೆಯಿರಿ. ಇನ್ನರ್ಧವನ್ನೂ ಹೀಗೆಯೇ ಹುರಿದು ತೆಗೆದಿಡಿ.

ಬಾಣಲೆಯಲ್ಲಿ ಕರಗಿ ನಿಂತ ಕೊಬ್ಬನ್ನು ಚೆಲ್ಲಬೇಡಿ. ಎರಡು ದೊಡ್ಡ ಚಮಚದಷ್ಟನ್ನು ಬಟ್ಟಲಿಗೆ ತೆಗೆದಿಟ್ಟರೆ ಕೊನೆಗೆ ಆಲೂಗಡ್ಡೆಯ ಮೇಲೆ ಸವರಲು ಬೇಕಾಗುತ್ತದೆ. ಬೆಣ್ಣೆ, ಚೀಸ್ ಎರಡರ ಖರ್ಚೂ ಅಲ್ಲಿಗೆ ಉಳಿಯಿತು, ರುಚಿಯೂ ಹೆಚ್ಚು. ಉಳಿದ ಕೊಬ್ಬಿನಲ್ಲೇ ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಕೆಂಪಗೆ ಹುರಿದು, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಗಾಂಧಾರಿ ಹಾಕಿ ಒಂದು ನಿಮಿಷ ಬಾಡಿಸಿ. ಖೀಮಾ, ಅರಿಶಿನ, ಒಂದು ಟೀ ಚಮಚ ಉಪ್ಪು, ಹುರಿದ ತರಿ, 250 ಮಿಲಿ ಬಿಸಿನೀರು ಸೇರಿಸಿ. ಮಸಾಲೆ ಪುಡಿ ಬೀಳುವುದು ನೀರು ಹಾಕಿದ ನಂತರವೇ. ಮೊದಲೇ ಕಪ್ಪಗೆ ಹುರಿದಿರುವ ಪುಡಿಯನ್ನು ಬಿಸಿ ಕೊಬ್ಬಿಗೆ ಹಾಕಿದರೆ ಅರೆಕ್ಷಣದಲ್ಲಿ ಸೀದುಹೋಗುತ್ತದೆ.

ಮುಚ್ಚಿ ಸಣ್ಣ ಉರಿಯಲ್ಲಿ 12 ನಿಮಿಷ. ತರಿಯನ್ನು ಬೆರಳಿನಲ್ಲಿ ಹಿಸುಕಿದರೆ ನಡುವೆ ಬಿಳಿ ಚುಕ್ಕೆ ಕಾಣಬಾರದು. ಆಮೇಲೆ ಮುಚ್ಚಳ ತೆಗೆದು ನೀರು ಇಂಗಿಸಬೇಕು. ಬಾಣಲೆಯ ತಳದಲ್ಲಿ ಸೌಟು ಎಳೆದಾಗ ದಾರಿ ಬಿದ್ದು ಮೂರ‍್ನಾಲ್ಕು ಸೆಕೆಂಡು ಹಾಗೆಯೇ ನಿಲ್ಲಬೇಕು. ಅದಕ್ಕೂ ಮುಂಚೆ ಇಳಿಸಿದರೆ ಓವನ್‌ನಲ್ಲಿ ರಸ ಮೇಲೆ ಉಕ್ಕಿ ಆಲೂಗಡ್ಡೆಯನ್ನು ಒದ್ದೆ ಮಾಡುತ್ತದೆ. ಪೂರ್ತಿ ಒಣಗಿಸಿಯೂ ಬಿಡಬಾರದು, ಒಳಗೆ ಇನ್ನೂ ಮುಕ್ಕಾಲು ಗಂಟೆಯ ಕಾವು ಬಾಕಿ ಇದೆ. ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ಕಾಚಂಪುಳಿ ಬೆರೆಸಿ. ಕಾಚಂಪುಳಿಯ ಹುಳಿ ಮನೆಯಿಂದ ಮನೆಗೆ ಬೇರೆ. ಒಳ್ಳೆಯದಾದರೆ ಕಪ್ಪಗೆ, ಚಮಚದಿಂದ ನಿಧಾನವಾಗಿ ಇಳಿಯುವಷ್ಟು ಗಟ್ಟಿ ಇರುತ್ತದೆ. ಮೊದಲು ಒಂದು ಟೀ ಚಮಚ ಹಾಕಿ ರುಚಿ ನೋಡಿ, ಖೀಮಾ ಬರಿದೇ ತಿನ್ನುವಾಗ ಹುಳಿ ಒಂದು ಕೈ ಮುಂದಿರಬೇಕು, ಆಲೂಗಡ್ಡೆಯ ಜೊತೆ ತಿನ್ನುವಾಗ ಸರಿಹೋಗುತ್ತದೆ. ಸಿಗದ ಊರಿನಲ್ಲಿದ್ದರೆ ಒಂದೂವರೆ ದೊಡ್ಡ ಚಮಚ ವಿನೆಗರ್ ಹಾಕಿಕೊಳ್ಳಬಹುದು. ಹುಳಿ ಬರುತ್ತದೆ, ಆ ಕಪ್ಪು ಬಣ್ಣವೂ ಹೊಗೆಯ ಛಾಯೆಯೂ ಬರುವುದಿಲ್ಲ.

ಆಲೂಗಡ್ಡೆಯನ್ನು ಕೊಳ್ಳುವಾಗಲೇ ನೋಡಬೇಕು. ಹಾಸನದ ಕಡೆಯ ಮುಂಗಾರು ಬೆಳೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಮ್ಮ ಸಂತೆಗಳಿಗೂ ಬರುತ್ತದೆ. ಹೆಬ್ಬೆರಳಿನಲ್ಲಿ ಉಜ್ಜಿದರೆ ಸಿಪ್ಪೆ ಏಳುವ ಎಳೆಯ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಬಿಲ್ಲೆ ಒಡೆಯುವುದಿಲ್ಲ, ಆದರೆ ಮೇಲಿನ ಪದರ ಗರಿಗರಿಯಾಗಲು ತಡ. ಸಿಪ್ಪೆ ದಪ್ಪವಾದ ಹಳೆಯ ಗಡ್ಡೆಯಲ್ಲಿ ಪಿಷ್ಟ ಹೆಚ್ಚು, ಬೇಗ ಬೇಯುತ್ತದೆ, ಬೇಗ ಕುಸಿಯುತ್ತದೆ. ನಾನು ಹಳೆಯದನ್ನೇ ಆರಿಸುತ್ತೇನೆ. ಹಸಿರು ಬಿದ್ದ ಭಾಗವನ್ನು ದಪ್ಪಗೆ ಕೆತ್ತಿ ತೆಗೆಯಿರಿ, ಅರ್ಧಕ್ಕರ್ಧ ಹಸಿರಾಗಿದ್ದರೆ ಎಸೆಯಿರಿ, ಅದರಲ್ಲಿ ಸೋಲನೈನ್ ಎಂಬ ವಿಷಾಂಶ ಇರುತ್ತದೆ. ಫ್ರಿಜ್‌ನಲ್ಲಿ ಇಟ್ಟ ಆಲೂಗಡ್ಡೆಯೂ ಬೇಡ. ಚಳಿಗೆ ಪಿಷ್ಟ ಸಕ್ಕರೆಯಾಗಿರುತ್ತದೆ, ಮೇಲ್ಪದರ ಗರಿಯಾಗುವ ಮೊದಲೇ ಕಪ್ಪಾಗುತ್ತದೆ.

ಸಿಪ್ಪೆ ತೆಗೆದು 4 ಮಿಲಿಮೀಟರ್ ದಪ್ಪದ ಬಿಲ್ಲೆ ಮಾಡಿ. ದಪ್ಪ ಒಂದೇ ಸಮ ಇರುವುದು ಮುಖ್ಯ. ಎರಡು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ಕುದಿಸಿ, ಬಿಲ್ಲೆಗಳನ್ನು ಬಿಟ್ಟು, ಮತ್ತೆ ಕುದಿ ಬಂದ ಮೇಲೆ ಹಳೆಯ ಗಡ್ಡೆಗೆ 5 ನಿಮಿಷ, ಎಳೆಯದಕ್ಕೆ 7 ನಿಮಿಷ. ಇದು ಮಡಿಕೇರಿಯ ಲೆಕ್ಕ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ ಬಯಲುಸೀಮೆಯವರು ಬರೆದ ಸಮಯ ಇಲ್ಲಿ ಸಾಲುವುದಿಲ್ಲ. ತಗ್ಗಿನಲ್ಲಿರುವ ಕುಶಾಲನಗರದ ಕಡೆ ಅರ್ಧ ನಿಮಿಷ ಮೊದಲೇ ನೋಡಿ. ಚೂರಿಯ ತುದಿ ಇಳಿಯಬೇಕು, ನಡುವೆ ಸ್ವಲ್ಪ ತಡೆಯಬೇಕು, ಬಿಲ್ಲೆಯನ್ನು ಅಂಚಿನಲ್ಲಿ ಹಿಡಿದು ಎತ್ತಿದರೆ ಬಾಗಬೇಕು, ಮುರಿಯಬಾರದು. ಬಸಿದು, ಹತ್ತಿ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಆವಿ ಹೋಗಲು ಬಿಡಿ. ಮಳೆಗಾಲದಲ್ಲಿ ಇದಕ್ಕೆ 15 ನಿಮಿಷವಾದರೂ ಬೇಕು. ತಣ್ಣೀರಿನಲ್ಲಿ ತೊಳೆಯಬೇಡಿ, ಪದರ ಅಂಟಿಕೊಳ್ಳಲು ಆ ಪಿಷ್ಟವೇ ಬೇಕು. ಕುಕ್ಕರ್‌ನಲ್ಲಿ ವಿಷಲ್ ಹಾಕಿಸಿದ ಆಲೂಗಡ್ಡೆ ಬಿಲ್ಲೆಗೆ ಬರುವುದಿಲ್ಲ.

ಟ್ರೇಗೆ ತೆಳ್ಳಗೆ ಕೊಬ್ಬು ಸವರಿ, ಮೂರರಲ್ಲಿ ಒಂದು ಪಾಲು ಬಿಲ್ಲೆಗಳನ್ನು ತಳಕ್ಕೆ ಹಾಸಿ. ಅದರ ಮೇಲೆ ಖೀಮಾ ಪೂರ್ತಿ ಹರಡಿ, ಸೌಟಿನ ಬೆನ್ನಿನಿಂದ ಒತ್ತಿ ಮಟ್ಟ ಮಾಡಿ. ಒತ್ತದೆ ಬಿಟ್ಟರೆ ಕತ್ತರಿಸುವಾಗ ಉದುರುತ್ತದೆ. ಉಳಿದ ಬಿಲ್ಲೆಗಳನ್ನು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಒಂದು ಬರುವಂತೆ ಜೋಡಿಸಿ. ತೆಗೆದಿಟ್ಟ ಕೊಬ್ಬು ಸವರಿ, ಕುಟ್ಟಿದ ಕರಿಮೆಣಸು, ಚಿಟಿಕೆ ಉಪ್ಪು ಉದುರಿಸಿ.

ಓಟಿಜಿಯನ್ನು (ಮನೆಯ ಸಣ್ಣ ಕರೆಂಟ್ ಓವನ್) 200 ಡಿಗ್ರಿಗೆ 15 ನಿಮಿಷ ಮೊದಲೇ ಕಾಯಿಸಿರಬೇಕು. ಫಾಯಿಲ್ ಮುಚ್ಚಿ ನಡುವಿನ ಸಾಲಿನಲ್ಲಿ 20 ನಿಮಿಷ, ತೆಗೆದು ಇನ್ನೊಂದು 20 ನಿಮಿಷ, ಕೊನೆಗೆ ಮೇಲಿನ ರಾಡ್ ಮಾತ್ರ ಹಾಕಿ 5 ನಿಮಿಷ. 1,500 ವ್ಯಾಟ್‌ನ ಓಟಿಜಿ ಕಾಯಿಸುವುದೂ ಸೇರಿ ಒಂದು ಗಂಟೆಗೆ ಹೆಚ್ಚೆಂದರೆ ಒಂದೂವರೆ ಯೂನಿಟ್ ಕರೆಂಟು ತಿನ್ನುತ್ತದೆ. ನಡುವೆ ಥರ್ಮೋಸ್ಟಾಟ್ ಆರಿ ಹತ್ತುವುದರಿಂದ ನಿಜಕ್ಕೂ ಅಷ್ಟಾಗುವುದಿಲ್ಲ. ಅಡುಗೆಯ ಥರ್ಮಾಮೀಟರ್ ಇದ್ದವರು ನಡುವಿನ ಖೀಮಾದ ಬಿಸಿ 71 ಡಿಗ್ರಿ ದಾಟಿದೆಯೇ ನೋಡಿ, ಹಂದಿ ಮಾಂಸದಲ್ಲಿ ಅರೆಬೆಂದದ್ದಕ್ಕೆ ಜಾಗವಿಲ್ಲ.

ಜೂನ್, ಜುಲೈನಲ್ಲಿ ಕರೆಂಟನ್ನು ನಂಬಿ ಕೂರುವ ಹಾಗಿಲ್ಲ. ಆಗ ಟ್ರೇ ಬದಲು ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಜೋಡಿಸಿ, ಸೌದೆ ಒಲೆಯಲ್ಲಿ ಉರಿ ತೆಗೆದು ಕೆಂಡದ ಮೇಲಿಟ್ಟು, ಅಂಚಿರುವ ಕಬ್ಬಿಣದ ಮುಚ್ಚಳದ ಮೇಲೆ ಕೆಳಗಿನದಕ್ಕಿಂತ ಎರಡರಷ್ಟು ಕೆಂಡ ಹಾಕಿ 35 ನಿಮಿಷ ಬಿಡಿ. ಕಾಫಿ ಗಿಡದ ಸೌದೆಯ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಗ್ಯಾಸ್ ಮಾತ್ರ ಇದ್ದರೆ ತವಾದ ಮೇಲೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ 30 ನಿಮಿಷ ಬೇಯಿಸಿ. ಮೇಲೆ ಗರಿಯಾಗುವುದಿಲ್ಲ, ಅಷ್ಟೇ.

ಎಮ್ಮೆ ಮಾಂಸದ ಖೀಮಾಕ್ಕೂ ಕೋಳಿ ಖೀಮಾಕ್ಕೂ ಕೊಬ್ಬು ಕಡಿಮೆ. ಎರಡಕ್ಕೂ ಮೂರು ದೊಡ್ಡ ಚಮಚ ಎಣ್ಣೆ ಹೆಚ್ಚಿಗೆ ಬೇಕು. ಎಮ್ಮೆ ಮಾಂಸವನ್ನು ತರಿ ಹಾಕುವ ಮೊದಲು ಇನ್ನೊಂದಿಷ್ಟು ನೀರಿನಲ್ಲಿ 25 ನಿಮಿಷ ಬೇಯಿಸಿ. ಕೋಳಿ ಖೀಮಾಕ್ಕೆ ನೀರು 150 ಮಿಲಿ, ತರಿ ಎರಡು ಚಮಚ ಸಾಕು, ನಡುವಿನ ಬಿಸಿ 74 ಡಿಗ್ರಿ ಮುಟ್ಟಬೇಕು.

ಓವನ್‌ನಿಂದ ತೆಗೆದು ಕೂಡಲೇ ಕತ್ತರಿಸಬಾರದು. 15 ನಿಮಿಷ ಬಿಟ್ಟರೆ ರಸವೆಲ್ಲ ತರಿಯಲ್ಲಿ ನಿಂತು ಚೌಕ ತುಂಡು ಹಾಗೇ ಎದ್ದು ಬರುತ್ತದೆ. ಮಿಕ್ಕದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಮೂರು ದಿನ ಇರುತ್ತದೆ. ಮರುದಿನ ತಣ್ಣಗಿರುವಾಗಲೇ ಒಂದಿಂಚು ದಪ್ಪಕ್ಕೆ ಕತ್ತರಿಸಿ, ಕಾದ ತವಾದ ಮೇಲೆ ಮುಚ್ಚಿ ಎರಡೂ ಕಡೆ ನಾಲ್ಕೈದು ನಿಮಿಷ ಒಳಗಿನವರೆಗೂ ಬಿಸಿಯಾಗುವಂತೆ ಕಾಯಿಸಿದರೆ ಅಕ್ಕಿ ರೊಟ್ಟಿಗೆ ಬೇರೆ ಪಲ್ಯ ಬೇಕಾಗುವುದಿಲ್ಲ.