ಸರ್ಪಸುತ್ತು: ಗುಳ್ಳೆ ಒಣಗಿದ ಮೇಲೂ ಉಳಿಯುವ ಉರಿ

ಬೆನ್ನು, ಪಕ್ಕೆ ಇಲ್ಲವೇ ಹಣೆಯ ಒಂದೇ ಬದಿಯಲ್ಲಿ ಸುಮ್ಮಸುಮ್ಮನೆ ತುರಿಕೆ, ಉರಿ, ಚಳುಕು ಶುರುವಾದರೆ ವಾಯು ಅಂತ ಮುಲಾಮು ತಿಕ್ಕಿ ಮಲಗಬೇಡಿ. ದಿನಾ ಆ ಜಾಗವನ್ನು ಬೆಳಕಿನಲ್ಲಿ ನೋಡಿಸಿಕೊಳ್ಳಿ. ಕೆಲವು ದಿನಗಳಲ್ಲಿ ಅಲ್ಲೇ ಕೆಂಪಗಾಗಿ ನೀರುಗುಳ್ಳೆಗಳು ಪಟ್ಟಿಯ ಹಾಗೆ ಎದ್ದರೆ ಅದು ಸರ್ಪಸುತ್ತು. ಎಂದೋ ಚಿಕನ್‌ಪಾಕ್ಸ್ ಆದಾಗ ಮೈ ಸೇರಿದ ವೈರಸ್ಸು ನರದ ಬುಡದಲ್ಲಿ ಅಡಗಿದ್ದು, ವಯಸ್ಸಾಗಿ ಶಕ್ತಿ ಕುಂದಿದಾಗ ಅದೇ ನರ ಹಿಡಿದು ಹೊರಬರುತ್ತದೆ. ಹಾವು ಕೊಂದ ಶಾಪವೂ ಅಲ್ಲ, ಹೆಡೆ ಬಾಲ ಕೂಡಿದರೆ ಜೀವ ಹೋಗುತ್ತದೆ ಅನ್ನುವುದೂ ನಿಜವಲ್ಲ.

ಕೆಮ್ಮಣ್ಣು, ಸುಣ್ಣ ಹಚ್ಚಿಸಲು ಊರೂರು ಅಲೆಯುವುದರಲ್ಲೇ ಬೆಲೆಬಾಳುವ ದಿನಗಳು ಕಳೆದುಹೋಗುತ್ತವೆ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಹೆಚ್ಚು ಗುಣ. ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದಿದ್ದರೆ ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಿ, ದೃಷ್ಟಿಗೇ ಅಪಾಯ. ಗುಳ್ಳೆ ಹಕ್ಕಳೆಗಟ್ಟುವವರೆಗೆ ಬಸುರಿಯರು, ಎಳೆಗೂಸುಗಳು ಹತ್ತಿರ ಬಾರದಿರಲಿ. ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಇಟ್ಟರೆ ಉರಿ ತಗ್ಗುತ್ತದೆ. ಉಗುರು ಕತ್ತರಿಸಿ, ಹಳೇ ಹತ್ತಿ ಬಟ್ಟೆ ಸಡಿಲವಾಗಿ ತೊಡಿ.

ಇಷ್ಟಾಗಿ ಗಾಯ ಮಾಯುತ್ತದೆ, ಮನೆಯವರೆಲ್ಲ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಆದರೆ ಅರವತ್ತು ದಾಟಿದವರಲ್ಲಿ ಎಷ್ಟೋ ಜನಕ್ಕೆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ, ಕೆಲವರಿಗೆ ವರ್ಷಗಟ್ಟಲೆ. ಸೆರಗು ಸೋಕಿದರೂ, ಫ್ಯಾನಿನ ಗಾಳಿ ತಾಗಿದರೂ ಕೆಂಡ ಇಟ್ಟ ಹಾಗೆ. ಇನ್ನು ಕೆಲವರಿಗೆ ಚರ್ಮ ಮುಟ್ಟಿದರೆ ಮರಗಟ್ಟಿದಂತಿರುತ್ತದೆ, ಒಳಗೆ ಮಾತ್ರ ತುರಿಕೆ! ಪೆಟ್ಟು ತಿಂದಿರುವುದು ನರ, ಹಾಗಾಗಿ ಕಜ್ಜಿಯ ಮುಲಾಮು, ಅಲರ್ಜಿ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಸ್ಪರ್ಶ ತಿಳಿಯದ ಜಾಗವನ್ನು ನಿದ್ದೆಯಲ್ಲಿ ಕೆರೆದು ರಕ್ತ ಬರಿಸಿಕೊಂಡವರಿದ್ದಾರೆ. ರಾತ್ರಿ ಅಲ್ಲಿ ಮೆತ್ತನೆ ಬಟ್ಟೆ ಸುತ್ತಿ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್‌ನಂಥ ನರದ ಔಷಧಿಗಳನ್ನು ಡಾಕ್ಟರು ಸಣ್ಣ ಪ್ರಮಾಣದಿಂದ ಕೊಡುತ್ತಾರೆ. ಮೊದಮೊದಲು ತಲೆ ಸುತ್ತಬಹುದು, ರಾತ್ರಿ ಎದ್ದಾಗ ಗೋಡೆ ಹಿಡಿದು ನಡೆಯಿರಿ. ತಾವಾಗಿ ಥಟ್ಟನೆ ನಿಲ್ಲಿಸಬೇಡಿ.

ಮನೆಯ ಕಿರಿಯರಲ್ಲಿ ಒಂದು ಮಾತು: ಮೇಲೆ ಏನೂ ಕಾಣುತ್ತಿಲ್ಲವಲ್ಲ ಅಂತ ಅಜ್ಜಿಯ ನರಳಾಟವನ್ನು ತಳ್ಳಿಹಾಕಬೇಡಿ. ಆ ನೋವು ನಿಜ, ಅದಕ್ಕೆ ಮದ್ದೂ ಇದೆ. ಐವತ್ತು ದಾಟಿದವರಿಗೆ ಈಗ ನಮ್ಮಲ್ಲೂ ಲಸಿಕೆ ಸಿಗುತ್ತದೆ, 2ರಿಂದ 6 ತಿಂಗಳ ಅಂತರದಲ್ಲಿ ಎರಡು ಸೂಜಿ. ದುಬಾರಿ ಹೌದು. ಸರ್ಪಸುತ್ತು ಒಮ್ಮೆ ಬಂದುಹೋದವರೂ ಹಾಕಿಸಿಕೊಳ್ಳಬಹುದು, ಯಾವಾಗ ಅಂತ ಡಾಕ್ಟರನ್ನು ಕೇಳಿ.