‘ಅಡ್ಡಿಲ್ಲ’ ಅಂದರೆ ಮೂರೋ ನಾಲ್ಕೋ? ಗ್ರಾಹಕರ ಸಮೀಕ್ಷೆ ಮಾಡುವ ಬಗೆ

ಎಂ.ಕಾಂ., ಎಂಬಿಎ ಮಕ್ಕಳ ಕೊನೆಯ ಸೆಮಿಸ್ಟರ್ ಬಂತೆಂದರೆ ಶಿವಮೊಗ್ಗದ ಗಾಂಧಿ ಬಜಾರ್, ದುರ್ಗಿಗುಡಿ, ನೆಹರೂ ರಸ್ತೆಯಲ್ಲಿ ಫಾರ್ಮ್ ಹಿಡಿದ ಹುಡುಗ ಹುಡುಗಿಯರು ಕಾಣುತ್ತಾರೆ. ಅಂಥವರ ಪ್ರಾಜೆಕ್ಟ್‌ಗಳನ್ನು ವರ್ಷಗಳಿಂದ ತಿದ್ದುತ್ತಾ ಬಂದಿದ್ದೇನೆ. ಓಡಾಟದಲ್ಲಿ ಅವರು ಏನೂ ಕಡಿಮೆ ಮಾಡುವುದಿಲ್ಲ. ಕೆಡುವುದು ಪ್ರಶ್ನೆಯಲ್ಲಿ. ಬಿಸಿಲಲ್ಲಿ ನಿಂತು ನೂರು ಜನರನ್ನು ಮಾತಾಡಿಸಿ ತಂದದ್ದೆಲ್ಲ ಅಲ್ಲೇ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಕಾಫಿ ಪುಡಿಯ ಉದಾಹರಣೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ವಿಷಯ. ‘ಶಿವಮೊಗ್ಗ ಜಿಲ್ಲೆಯ ಗ್ರಾಹಕರ ವರ್ತನೆ’ ಒಂದು ವಿಷಯವೇ ಅಲ್ಲ. ‘ಮನೆಯ ಕಾಫಿ ಪುಡಿಗೆ ಎಷ್ಟು ಚಿಕೋರಿ ಬೇಕೆಂದು ಯಾರು, ಹೇಗೆ ತೀರ್ಮಾನಿಸುತ್ತಾರೆ’ ಅನ್ನುವುದು ವಿಷಯ. (ಚಿಕೋರಿ ಅಂದರೆ ಕಾಫಿ ಪುಡಿಗೆ ಬೆರೆಸುವ, ಒಂದು ಗಿಡದ ಹುರಿದ ಬೇರಿನ ಪುಡಿ.) ಒಂದು ವಾಕ್ಯದಲ್ಲಿ ಹೇಳಲು ಬಾರದಿದ್ದರೆ ಇನ್ನೂ ಸಣ್ಣದು ಮಾಡಿ.

ಆಮೇಲೆ ಓದು. ಶೋಧಗಂಗಾ ಅನ್ನುವ ಜಾಲತಾಣದಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಲೇಖನ ಹುಡುಕಲು ಗೂಗಲ್ ಸ್ಕಾಲರ್ ಇದೆ. ನಾಲ್ಕೈದು ಒಳ್ಳೆಯ ಲೇಖನ ಪೂರ್ತಿ ಓದಿ, ಒಂದೇ ಒಂದು ಸಿದ್ಧಾಂತ ಹಿಡಿದುಕೊಳ್ಳಿ. ನನ್ನನ್ನು ಕೇಳಿದರೆ ಮನಶ್ಶಾಸ್ತ್ರಜ್ಞ ಐಸೆಕ್ ಐಜನ್ 1991ರಲ್ಲಿ ವಿವರವಾಗಿ ಬರೆದ ‘ಥಿಯರಿ ಆಫ್ ಪ್ಲ್ಯಾನ್ಡ್ ಬಿಹೇವಿಯರ್’ ಸಾಕು. ಒಂದು ಕೆಲಸಕ್ಕೆ ಮನಸ್ಸು ಮಾಡುವುದು ಮೂರರ ಮೇಲೆ ನಿಂತಿದೆ ಅನ್ನುತ್ತಾನೆ ಅವನು: ಅದರ ಬಗ್ಗೆ ನನಗೇನು ಅನ್ನಿಸುತ್ತದೆ, ನನ್ನವರು ಏನು ಅನ್ನುತ್ತಾರೆ, ನನ್ನ ಕೈಲಿ ಆಗುತ್ತದೆಯೇ. ಚಿಕೋರಿ ಇಲ್ಲದ ಪುಡಿಯೇ ರುಚಿ ಅಂತ ಸೊಸೆಗೆ ಅನ್ನಿಸಬಹುದು. ಮಾವನಿಗೆ ಮಾತ್ರ ಕಪ್ಪಗೆ ಗಟ್ಟಿ ಡಿಕಾಕ್ಷನ್ನೇ ಆಗಬೇಕು. ತಿಂಗಳ ಖರ್ಚಿನಲ್ಲಿ ಬರೀ ಕಾಫಿ ಬೀಜದ ಪುಡಿಗೆ ದುಡ್ಡು ಸಾಲದೆಯೂ ಇರಬಹುದು. ಮೂರೂ ಸೇರಿದ ಮೇಲೆ ಅಂಗಡಿಗೆ ಚೀಟಿ ಹೋಗುವುದು.

ಇಲ್ಲಿ ಒಂದು ಮಾತು. ದುಡ್ಡು ಕಟ್ಟಿದರೆ ಮೂರೇ ದಿನಕ್ಕೆ ಪ್ರಕಟಿಸುವ ಜರ್ನಲ್‌ಗಳ ಲೇಖನ ಮುಟ್ಟಬೇಡಿ. ಅಲ್ಲಿನ ಪ್ರಶ್ನಾವಳಿಯನ್ನಂತೂ ಎತ್ತಿಕೊಳ್ಳಲೇಬೇಡಿ.

ಪ್ರಶ್ನೆ ಬರೆಯುವುದು. ನಿಮ್ಮ ಹತ್ತಿರ ಒಂದು ತಿಂಗಳಿದ್ದರೆ ಹದಿನೈದು ದಿನ ಇದಕ್ಕೇ ಇಡಿ.

‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಮನೆಯ ಸಾಲು ಎಲ್ಲರಿಗೂ ಗೊತ್ತು. ಪೂರ್ತಿ ಒಪ್ಪಿದರೆ ಐದು ಅಂಕ, ಸ್ವಲ್ಪವೂ ಒಪ್ಪದಿದ್ದರೆ ಒಂದು, ನಡುವಿನದಕ್ಕೆ ಮೂರು. ಅಮೆರಿಕದ ರೆನ್ಸಿಸ್ ಲಿಕರ್ಟ್ 1932ರಲ್ಲಿ ಕೊಟ್ಟ ಅಳತೆ ಅದು. ನಮ್ಮ ಮಕ್ಕಳು ಇಂಗ್ಲಿಷ್ ಲೇಖನದಿಂದ ಅದನ್ನು ಇಳಿಸಿಕೊಂಡು, ಮೊಬೈಲ್‌ನಲ್ಲಿ ಅನುವಾದ ಮಾಡಿ, ಪ್ರಿಂಟ್ ತೆಗೆದು ಹೊರಟುಬಿಡುತ್ತಾರೆ.

ತೀರ್ಥಹಳ್ಳಿ ಕಡೆಯ ಒಂದು ಮನೆಗೆ ನಮ್ಮ ಒಬ್ಬ ವಿದ್ಯಾರ್ಥಿನಿಯ ಜೊತೆ ಹೋಗಿದ್ದೆ. ಜಗುಲಿಯಲ್ಲಿ ಕೂತಿದ್ದ ಅಜ್ಜಿಯನ್ನು ಅವಳು ಕೇಳಿದಳು: “ಪ್ರಸ್ತುತ ಬಳಸುತ್ತಿರುವ ಉತ್ಪನ್ನದ ಗುಣಮಟ್ಟ ಹಾಗೂ ಬೆಲೆಯ ಬಗ್ಗೆ ತಮಗೆ ತೃಪ್ತಿ ಇದೆಯೇ?” ಅಜ್ಜಿ ಅವಳ ಮುಖವನ್ನೇ ನೋಡಿದರು. “ಕಾಫಿ ಪುಡಿ ಬಗ್ಗೆ ಕೇಳ್ತಿದ್ದಾಳೆ ಅಮ್ಮಾ” ಅಂದೆ ನಾನು. “ಹೋ, ಅದಾ? ಅಡ್ಡಿಲ್ಲ ಮಗಾ, ಕುಡೀಬಹುದು” ಅಂದರು. ಹುಡುಗಿ ನಡುವಿನ ಮನೆಗೆ ಟಿಕ್ ಹಾಕಿದಳು. ಮೂರು.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಗೊತ್ತು, ‘ಅಡ್ಡಿಲ್ಲ’ ಅನ್ನುವುದು ಎಷ್ಟೋ ಸಲ ಹೊಗಳಿಕೆ. ಅಜ್ಜಿ ಆ ಪುಡಿಯನ್ನು ವರ್ಷಗಳಿಂದ ಬದಲಿಸಿರಲಿಲ್ಲ. ಅದು ನಾಲ್ಕಾದರೂ ಆಗಬೇಕಿತ್ತು. ಇಂಥದ್ದೇ ಹತ್ತು ಫಾರ್ಮ್ ಸೇರಿದರೆ ‘ಗ್ರಾಹಕರು ತಟಸ್ಥರಾಗಿದ್ದಾರೆ’ ಅಂತ ವರದಿ ತಯಾರಾಗುತ್ತದೆ! ಹಾಗಾಗಿ ಐದು ಮನೆಗೂ ಈ ಊರಿನ ಜನ ಆಡುವ ಮಾತನ್ನೇ ಬರೆಯಿರಿ: ‘ಏನೂ ಚೆನ್ನಾಗಿಲ್ಲ’, ‘ಅಷ್ಟಕ್ಕಷ್ಟೆ’, ಹೀಗೆ. ‘ಅಡ್ಡಿಲ್ಲ’ ಎಲ್ಲಿ ಕೂರಬೇಕೆಂದು ನೀವೇ ನಿರ್ಧರಿಸಬೇಡಿ. ಹತ್ತು ಜನರ ಕೈಗೆ ಐದು ಚೀಟಿ ಕೊಟ್ಟು ಸಾಲಾಗಿ ಜೋಡಿಸಲು ಹೇಳಿ. ಎಲ್ಲಿ ಇಡುತ್ತಾರೆ ಅಂತ ನೋಡಿಕೊಳ್ಳಿ.

ಆ ಪ್ರಶ್ನೆಯಲ್ಲಿ ಇನ್ನೊಂದು ತಪ್ಪಿದೆ. ಗುಣಮಟ್ಟ, ಬೆಲೆ ಎರಡನ್ನೂ ಒಟ್ಟಿಗೆ ಕೇಳಿದೆ. ಪುಡಿ ಚೆನ್ನಾಗಿದೆ, ರೇಟು ಜಾಸ್ತಿ ಅನ್ನುವವರು ಏನು ಹೇಳಬೇಕು? ಪ್ರಶ್ನೆಯಲ್ಲಿ ‘ಹಾಗೂ’, ‘ಮತ್ತು’ ಕಂಡರೆ ಅಲ್ಲೇ ಎರಡಾಗಿ ಒಡೆಯಿರಿ.

ಅಭಿಪ್ರಾಯ ಕಡಿಮೆ ಕೇಳಿ, ನಡೆದದ್ದನ್ನು ಜಾಸ್ತಿ ಕೇಳಿ. “ನೀವು ಚಿಕೋರಿ ಹಾಕಿಸುತ್ತೀರಾ?” ಅಂದರೆ “ಇಲ್ಲಪ್ಪ, ಪ್ಯೂರ್” ಅನ್ನುವವರೇ ಹೆಚ್ಚು. ಚಿಕೋರಿ ಅಂದರೆ ಕಲಬೆರಕೆ ಅನ್ನುವ ಭಾವನೆ ಇದೆ, ಒಪ್ಪಿಕೊಳ್ಳಲು ಸಂಕೋಚ. ನಿಜವಾಗಿ ಅದು ಕಾನೂನು ಒಪ್ಪಿದ್ದೇ. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರಬೇಕು, ಚಿಕೋರಿ ಎಷ್ಟಿದೆಯೆಂದು ಪ್ಯಾಕೆಟ್ ಮೇಲೆ ಹಾಕಿರಬೇಕು, ಅಷ್ಟೆ. ಅದೇ ಮನೆಯವರನ್ನು “ಹೋದ ಸಲ ಪುಡಿ ತರುವಾಗ ಅಂಗಡಿಯವರಿಗೆ ಏನಂತ ಹೇಳಿದ್ರಿ?” ಎಂದು ಕೇಳಿ ನೋಡಿ. “ಅರ್ಧ ಕೆಜಿ, 80-20” ಅಂತ ಥಟ್ಟನೆ ಬರುತ್ತದೆ. ಅಂದರೆ ನೂರಕ್ಕೆ ಎಂಬತ್ತು ಕಾಫಿ, ಇಪ್ಪತ್ತು ಚಿಕೋರಿ.

ಇಂಗ್ಲಿಷ್ ಪ್ರಶ್ನಾವಳಿಯನ್ನೇ ಬಳಸಬೇಕೆಂದು ಗೈಡ್ ಹಟ ಹಿಡಿದರೆ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಹೇಳಿದ ದಾರಿ ಇದೆ. ಒಬ್ಬರು ಕನ್ನಡಕ್ಕೆ ತರಲಿ. ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷ್‌ಗೆ ಒಯ್ಯಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಥ ಎಲ್ಲಿ ತಪ್ಪಿದೆಯೆಂದು ಕಾಣುತ್ತದೆ.

ವಯಸ್ಸು, ಆದಾಯ ಕೊನೆಗಿರಲಿ. ಮೊದಲೇ ಆದಾಯ ಕೇಳಿದರೆ ಯಾವುದೋ ಇಲಾಖೆಯವರು ಬಂದರು ಅಂದುಕೊಳ್ಳುತ್ತಾರೆ. ಆಮೇಲಿನ ಉತ್ತರಗಳೆಲ್ಲ ಬಿಗಿಯಾಗುತ್ತವೆ. ಇಪ್ಪತ್ತೈದು ಪ್ರಶ್ನೆ ದಾಟಬೇಡಿ.

ಇಷ್ಟಾದ ಮೇಲೆ ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿ. “ಈಗ ನಾನು ಕೇಳಿದ್ದು ಏನು, ನಿಮ್ಮ ಮಾತಲ್ಲಿ ಹೇಳಿ” ಅನ್ನಿ. ಇಬ್ಬರು ಬೇರೆ ಏನೋ ಹೇಳಿದರೆ ಪ್ರಶ್ನೆ ಬದಲಿಸಿ. ಈ ಹತ್ತು ಜನರನ್ನು ಲೆಕ್ಕಕ್ಕೆ ಸೇರಿಸಬೇಡಿ.

ಯಾರನ್ನು ಕೇಳುವುದು. ಎಷ್ಟು ಜನರನ್ನು ಕೇಳಬೇಕು ಅಂದರೆ ಎಲ್ಲರ ಬಾಯಲ್ಲೂ 384 ಅನ್ನುವ ಸಂಖ್ಯೆ ಇದೆ. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಪಟ್ಟಿಯಲ್ಲಿ ಹತ್ತು ಲಕ್ಷ ಜನರಿಗೆ 384, ಸಾವಿರ ಜನರಿಗೆ 278. ಆದರೆ ಆ ಲೆಕ್ಕ ನಿಲ್ಲುವುದು ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇದ್ದಾಗ ಮಾತ್ರ. ಗೂಗಲ್ ಫಾರ್ಮನ್ನು ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ 384 ತುಂಬಿಸಿದರೆ ಸಿಕ್ಕಿದ್ದು ಗೆಳೆಯರ ಅಭಿಪ್ರಾಯ. ಅದಕ್ಕಿಂತ ಗಾಂಧಿ ಬಜಾರಿನ ಎರಡು ಅಂಗಡಿ, ವಿನೋಬನಗರದ ಎರಡು, ಗೋಪಾಳದ ಎರಡು ಆರಿಸಿಕೊಂಡು, ಬೆಳಿಗ್ಗೆ ಸಂಜೆ ಎರಡೂ ಹೊತ್ತು ನಿಂತು, ಬಂದವರಲ್ಲಿ ಪ್ರತಿ ಐದನೆಯವರನ್ನು ಕೇಳಿದ 120 ಫಾರ್ಮ್ ನನಗೆ ಹೆಚ್ಚು. ಹಳ್ಳಿಗೆ ಹೋಗುವುದಾದರೆ ಅಡಿಕೆ ಕೊಯ್ಲಿನ ಹೊತ್ತಲ್ಲಿ ಬೇಡ. ಸುಲಿಯುವುದು, ಬೇಯಿಸುವುದರ ನಡುವೆ ನಿಮ್ಮ ಫಾರ್ಮಿಗೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಫಾರ್ಮ್ ಕಡಿಮೆ ಬಿತ್ತು ಅಂತ ಹಾಸ್ಟೆಲ್ ರೂಮಲ್ಲಿ ಕೂತು ನೀವೇ ತುಂಬಬೇಡಿ. ಒಂದೇ ಪೆನ್ನು, ಒಂದೇ ಓರೆಯ ಟಿಕ್, ಸಾಲಾಗಿ ನಾಲ್ಕು ನಾಲ್ಕು ನಾಲ್ಕು. ನೋಡಿದವರಿಗೆ ತಿಳಿಯುತ್ತದೆ.

ಲೆಕ್ಕ ಸುಲಭ. ಎಕ್ಸೆಲ್‌ಗೆ ತುಂಬಿ. ‘ಈ ಪುಡಿ ನನಗೆ ಹಿಡಿಸುವುದಿಲ್ಲ’ ಅನ್ನುವ ಹಾಗೆ ತಿರುಗಿಸಿ ಕೇಳಿದ ಪ್ರಶ್ನೆಗಳ ಅಂಕ ತಿರುಗಿಸಿ: ಐದಿದ್ದರೆ ಒಂದು, ನಾಲ್ಕಿದ್ದರೆ ಎರಡು. ಒಂದೇ ಸಂಗತಿಯನ್ನು ಅಳೆಯುವ ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಕ್ರೊನ್‌ಬಾಕ್ 1951ರಲ್ಲಿ ಕೊಟ್ಟ ‘ಆಲ್ಫಾ’ ಅನ್ನುವ ಅಳತೆ ಹಾಕಿ ನೋಡಿ; ಹೊಂದಿಕೆ ಹೆಚ್ಚಿದಷ್ಟೂ ಅದು ಒಂದರ ಹತ್ತಿರ ಹೋಗುತ್ತದೆ. ಸಾಮಾನ್ಯವಾಗಿ 0.7 ದಾಟಿದರೆ ಸರಿ ಅನ್ನುತ್ತಾರೆ. 0.95 ದಾಟಿದರೆ ಒಂದೇ ಪ್ರಶ್ನೆಯನ್ನು ಮಾತು ಬದಲಿಸಿ ಕೇಳಿದ್ದೀರೋ ಏನೋ, ಮತ್ತೊಮ್ಮೆ ಓದಿ.

ವರದಿಯಲ್ಲಿ ‘ಮಲೆನಾಡಿನ ಗ್ರಾಹಕರು’ ಅಂತ ಬರೆಯಬೇಡಿ. ‘ಈ ಆರು ಅಂಗಡಿಗೆ ಬಂದ 120 ಜನ’ ಅಂತಲೇ ಬರೆಯಿರಿ. ಬೈಂಡಿಂಗ್ ಆದ ಮೇಲೆ ಒಂದು ಪುಟದ ಸಾರಾಂಶವನ್ನು ಕನ್ನಡದಲ್ಲಿ ಪ್ರಿಂಟ್ ತೆಗೆದು, ಆ ಆರೂ ಅಂಗಡಿಯವರಿಗೆ ನೀವೇ ಹೋಗಿ ಕೊಟ್ಟು ಬನ್ನಿ. ಬಾಗಿಲಲ್ಲಿ ನಿಲ್ಲಲು ಜಾಗ ಕೊಟ್ಟವರು ಅವರು.